'ಪೋರ್' ಅಂದರೆ ಇಂದ, 'ಪಾರಾ' ಅಂದರೆ ಗೆ (ಬಹುಪಾಲು)

ಸ್ಪ್ಯಾನಿಶ್ ಕಲಿಯೋಕೆ ಶುರು ಮಾಡಿ ಏಳೆಂಟು ತಿಂಗಳಾಗಿತ್ತು. ಆನ್‌ಲೈನ್‌ನಲ್ಲಿ ಪಾಠ ಹೇಳುವ ಟೀಚರ್‌ಗೆ ಅಂತ ಒಂದು ಸಣ್ಣ ಚಿತ್ರ ಬರೆದಿದ್ದೆ. ಕ್ಯಾಮೆರಾಗೆ ಹಿಡಿದು ತೋರಿಸುತ್ತಾ "ನಿನಗೋಸ್ಕರ ಮಾಡಿದ್ದು" ಅನ್ನೋದನ್ನ 'ಲೊ ಇಸೆ ಪೋರ್ ತಿ' ಅಂತ ಹೆಮ್ಮೆಯಿಂದ ಹೇಳಿದೆ. ಅವರು ಚಿತ್ರ ನೋಡಿ ನಕ್ಕರು. ಆಮೇಲೆ, "ಯಾಕೆ, ಇದನ್ನ ನಾನು ಬರೀಬೇಕಿತ್ತಾ?" ಅಂತ ಕೇಳಿದರು. ನಾನು ಹೇಳಿದ್ದರ ಅರ್ಥ "ನಿನ್ನ ಬದಲು ನಾನೇ ಮಾಡಿಬಿಟ್ಟೆ" ಅನ್ನೋ ತರ ಆಗಿತ್ತು. ಉಡುಗೊರೆ ಕೊಡೋಕೆ ಹೋಗಿ ಅವರ ಹೋಮ್‌ವರ್ಕ್ ಮಾಡಿಕೊಟ್ಟ ಹಾಗಾಯ್ತು. 'ಪಾರಾ ತಿ' ಅನ್ನಬೇಕಿತ್ತು.

ತಪ್ಪು ಎಲ್ಲಿಂದ ಬಂತು ಅಂತ ಯೋಚಿಸಿದಾಗ ಗೊತ್ತಾಯ್ತು, ನಾನು ಪ್ರತಿ ಪ್ರಿಪೊಸಿಷನ್ನೂ ಇಂಗ್ಲಿಷ್ ಮೂಲಕವೇ ಹಾಯಿಸಿ ತರುತ್ತಿದ್ದೆ. ಇಂಗ್ಲಿಷಿನ 'ಫಾರ್' ಒಂದೇ ಪದ. ಸ್ಪ್ಯಾನಿಶ್‌ನಲ್ಲಿ ಅದು 'ಪೋರ್' ಆಗಬಹುದು, 'ಪಾರಾ' ಆಗಬಹುದು, ಕೆಲವು ಕಡೆ ಏನೂ ಇಲ್ಲದೆಯೂ ಹೋಗಬಹುದು. ಪುಸ್ತಕಗಳು, ಆಪ್‌ಗಳು, ವಿಡಿಯೋಗಳು ಎಲ್ಲವೂ ಇಂಗ್ಲಿಷ್ ಮಾತಾಡುವವರಿಗೆ ಅಂತ ಮಾಡಿದ್ದು, ಅಲ್ವಾ. ಅವರಿಗೆ ಕಷ್ಟ ಅನಿಸುವುದನ್ನೆಲ್ಲ ನಾನೂ ಕಷ್ಟ ಅಂತ ಒಪ್ಪಿಕೊಂಡು ಕೂತಿದ್ದೆ. ಅದರಲ್ಲಿ ಅರ್ಧಕ್ಕೂ ಜಾಸ್ತಿ ನನಗೆ ಕಷ್ಟವೇ ಆಗಬೇಕಿರಲಿಲ್ಲ, ಯಾಕಂದ್ರೆ ಕನ್ನಡದ ವಿಭಕ್ತಿ ಪ್ರತ್ಯಯಗಳು ಅದೇ ಕೆಲಸವನ್ನ ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಮಾಡುತ್ತಲೇ ಇದ್ದವು.

ಸ್ಕೂಲಿನಲ್ಲಿ ಉರು ಹೊಡೆದದ್ದು ನೆನಪಿದೆಯಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಸ್ಪ್ಯಾನಿಶ್ ಮಕ್ಕಳೂ ಹೀಗೇ ಪ್ರಿಪೊಸಿಷನ್‌ಗಳ ಒಂದು ಪಟ್ಟಿ ರಾಗವಾಗಿ ಹೇಳುತ್ತಾರೆ: 'ಆ, ಆಂತೆ, ಬಾಹೊ, ಕಾಬೆ, ಕೊನ್, ಕೊಂತ್ರಾ, ದೆ, ದೆಸ್ದೆ...' ಅಂತ. ಈಗಿನ ವ್ಯಾಕರಣದ ಪಟ್ಟಿಯಲ್ಲಿ ಒಟ್ಟು 23 ಇವೆ. ಅದರಲ್ಲಿ 'ಕಾಬೆ' ಅಂದರೆ ಪಕ್ಕದಲ್ಲಿ. ಇವತ್ತು ಯಾರೂ ಮಾತಿನಲ್ಲಿ ಬಳಸಲ್ಲ, ಆದರೂ ಪಟ್ಟಿಯಿಂದ ತೆಗೆದಿಲ್ಲ. ನಮ್ಮ ಪಂಚಮಿ ವಿಭಕ್ತಿಯ 'ದೆಸೆಯಿಂದ' ಕೂಡ ಹಾಗೇ ತಾನೆ? ಪರೀಕ್ಷೆಗೆ ಬರೆದಿದ್ದು ಬಿಟ್ಟರೆ "ಮರದ ದೆಸೆಯಿಂದ ಹಣ್ಣು ಬಿತ್ತು" ಅಂತ ಯಾರು ಮಾತಾಡಿದ್ದಾರೆ. ಇನ್ನೊಂದು ತಮಾಷೆ, ಸ್ಪ್ಯಾನಿಶ್‌ನಲ್ಲಿ 'ದೆಸ್ದೆ' ಅಂದರೂ "ಅಲ್ಲಿಂದ, ಆವಾಗಿನಿಂದ" ಅಂತಲೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, 'ದೆಸ್ದೆ' ಸ್ಪ್ಯಾನಿಶ್‌ನ ಮೂಲಭಾಷೆ ಲ್ಯಾಟಿನ್‌ನ ಮೂರು ಚೂರು ಪದ ಅಂಟಿಕೊಂಡು ಆಗಿದ್ದು. ಆದರೆ ಒಂದು ಸಲ ಕೇಳಿದ ಮೇಲೆ ನೀವು ಅದನ್ನ ಮರೆಯೋಕೆ ಸಾಧ್ಯವಿಲ್ಲ.

ಆದರೆ ಅವರ ಪ್ರಿಪೊಸಿಷನ್‌ಗಳು ನಮ್ಮ ವಿಭಕ್ತಿಗಳ ಕೆಲಸ ಮಾಡುವುದು ಪೂರ್ತಿ ಆಕಸ್ಮಿಕ ಅಂತ ಹೇಳೋಕಾಗಲ್ಲ. ಲ್ಯಾಟಿನ್‌ನಲ್ಲಿ ನಮ್ಮ ಹಾಗೆ ವಿಭಕ್ತಿ ಇತ್ತು, ಪದದ ಬಾಲ ಬದಲಾಗುತ್ತಿತ್ತು. ಕಾಲ ಕಳೆದ ಹಾಗೆ ಆ ಬಾಲಗಳು ಸವೆದು ಹೋದವು. ಅವು ಮಾಡುತ್ತಿದ್ದ ಕೆಲಸ ಪದದ ಮುಂದೆ ನಿಲ್ಲುವ 'ಆ', 'ದೆ', 'ಎನ್' ತರದ ಚಿಕ್ಕ ಪದಗಳ ತಲೆ ಮೇಲೆ ಬಿತ್ತು. ನಾವು ಹಿಂದೆ ಅಂಟಿಸುತ್ತೇವೆ, ಅವರು ಮುಂದೆ ಇಡುತ್ತಾರೆ. ಕನ್ನಡಿಯಲ್ಲಿ ನೋಡಿದ ಹಾಗೆ.

ಮೊದಲು 'ಆ' ತಗೊಳ್ಳಿ. ಇದು ಹೆಚ್ಚುಕಡಿಮೆ ನಮ್ಮ 'ಗೆ'. ಮ್ಯಾಡ್ರಿಡ್‌ಗೆ ಹೋಗ್ತೀನಿ, 'ವೋಯ್ ಆ ಮದ್ರಿದ್'. ಐದು ಗಂಟೆಗೆ, 'ಆ ಲಾಸ್ ಸಿಂಕೊ'. ಬಲಕ್ಕೆ, 'ಆ ಲಾ ದೆರೇಚಾ'. ಇಂಗ್ಲಿಷ್‌ನಲ್ಲಿ ಈ ಮೂರಕ್ಕೂ ಒಂದೇ ಪದ ಸಾಲಲ್ಲ. ನಮಗೆ ಒಂದೇ ಸಾಕು, ಅವರಿಗೂ ಒಂದೇ ಸಾಕು. 'ಎನ್' ನಮ್ಮ 'ಅಲ್ಲಿ'. ಮನೆಯಲ್ಲಿ ಇದ್ದೀನಿ ಅನ್ನೋಕೆ 'ಎಸ್ತೋಯ್ ಎನ್ ಕಾಸಾ', ಟ್ರೈನಿನಲ್ಲಿ ಬಂದೆ ಅನ್ನೋಕೆ 'ಎನ್ ತ್ರೆನ್', ಸ್ಪ್ಯಾನಿಶ್‌ನಲ್ಲಿ ಹೇಳು ಅನ್ನೋಕೆ 'ಎನ್ ಎಸ್ಪಾನ್ಯೋಲ್'. ಇಂಗ್ಲಿಷ್ ತಲೆಯಲ್ಲಿ ಇಟ್ಟುಕೊಂಡವರು 'ಅಟ್ ಹೋಮ್' ನೆನೆಸಿಕೊಂಡು 'ಎಸ್ತೋಯ್ ಆ ಕಾಸಾ' ಅಂದುಬಿಡುತ್ತಾರೆ. ಕನ್ನಡದಲ್ಲಿ ಯೋಚಿಸುವವರು "ಮನೆಗೆ ಇದ್ದೀನಿ" ಅಂತ ತಪ್ಪಿಯೂ ಹೇಳಲ್ಲ. ಹೋಗುವುದಾದರೆ ಗೆ, ಇರುವುದಾದರೆ ಅಲ್ಲಿ. ಇಷ್ಟೇ.

ಒಂದು ಸಣ್ಣ ವ್ಯತ್ಯಾಸ ಮಾತ್ರ ಇದೆ. 'ಎನ್' ನಮ್ಮ "ಮೇಲೆ"ಯನ್ನೂ ಹೊತ್ತುಕೊಂಡಿದೆ. ಪುಸ್ತಕ ಮೇಜಿನ ಮೇಲೆ ಇದ್ದರೂ 'ಎನ್ ಲಾ ಮೇಸಾ', ಡ್ರಾಯರ್ ಒಳಗೆ ಇದ್ದರೂ 'ಎನ್ ಎಲ್ ಕಾಹೋನ್'. ಒತ್ತಿ ಹೇಳಬೇಕಾದರೆ 'ಸೋಬ್ರೆ' ಇದೆ, 'ಎನ್ಸಿಮಾ ದೆ' ಇದೆ. ಆದರೆ ದಿನದ ಮಾತಿಗೆ 'ಎನ್' ಸಾಕು.

ವಾರದ ದಿನಗಳ ಕತೆಯೂ ಹೀಗೇ. "ಸೋಮವಾರ ಬರ್ತೀನಿ" ಅನ್ನುವಾಗ ನಾವು ಯಾವ ಪ್ರತ್ಯಯವನ್ನೂ ಹಾಕಲ್ಲ. ಸ್ಪ್ಯಾನಿಶ್‌ನಲ್ಲೂ ಹಾಕಲ್ಲ, ಬರೀ 'ಎಲ್ ಲೂನೆಸ್'. ನಾನು ಎಷ್ಟು ತಿಂಗಳು 'ಎನ್ ಲೂನೆಸ್' ಅಂತ ಬರೆದೆ ಅಂತ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಈಗ ನನಗೆ ಅತಿ ಇಷ್ಟವಾದ ಭಾಗ. ಸ್ಪ್ಯಾನಿಶ್‌ನಲ್ಲಿ ಕ್ರಿಯೆ ಒಬ್ಬ ಮನುಷ್ಯನ ಮೇಲೆ ನಡೆದರೆ ಅವರ ಹೆಸರಿನ ಮುಂದೆ 'ಆ' ಹಾಕಬೇಕು, ವಸ್ತುವಾದರೆ ಬೇಡ. ಮನೆ ನೋಡ್ತೀನಿ ಅಂದರೆ 'ವೇಓ ಲಾ ಕಾಸಾ'. ತಂಗಿಯನ್ನು ನೋಡ್ತೀನಿ ಅಂದರೆ 'ವೇಓ ಆ ಮಿ ಎರ್ಮಾನಾ'. ಪುಸ್ತಕಗಳು ಇದನ್ನ ಏನೋ ವಿಚಿತ್ರ ನಿಯಮ ಅನ್ನುವ ಹಾಗೆ ಪುಟಗಟ್ಟಲೆ ವಿವರಿಸುತ್ತವೆ. ಆದರೆ ಕನ್ನಡದಲ್ಲಿ ನಾವೇನು ಮಾಡ್ತೀವಿ, ಸ್ವಲ್ಪ ಗಮನಿಸಿ. "ಪುಸ್ತಕ ಓದಿದೆ", "ಮನೆ ನೋಡಿದೆ", ಇಲ್ಲಿ 'ಅನ್ನು' ಬಿಟ್ಟರೂ ನಡೆಯುತ್ತೆ. "ತಂಗಿ ನೋಡಿದೆ" ಅಂದರೆ? ತಂಗಿಯೇ ನೋಡಿದ ಹಾಗಾಯ್ತು, ವಾಕ್ಯವೇ ಕೆಟ್ಟಿತು. "ತಂಗಿಯನ್ನು" ಅನ್ನಲೇಬೇಕು. ಮನುಷ್ಯರಿಗೆ ಗುರುತು ಬೇಕು, ವಸ್ತುವಿಗೆ ಬೇಕಿಲ್ಲ. ಎರಡೂ ಭಾಷೆಯ ಬುದ್ಧಿ ಒಂದೇ ಕಡೆ ಓಡಿದೆ.

ಇನ್ನೂ ಮುಂದೆ ಹೋಗಿ. "ಏನೂ ನೋಡಲಿಲ್ಲ", 'ನೋ ವಿ ನಾದಾ'. "ಯಾರನ್ನೂ ನೋಡಲಿಲ್ಲ", 'ನೋ ವಿ ಆ ನಾದಿಯೆ'. ನಮ್ಮ 'ಅನ್ನು' ಬಂದ ಜಾಗಕ್ಕೆ ಸರಿಯಾಗಿ ಅವರ 'ಆ' ಬಂದು ಕೂತಿದೆ. "ಡಾಕ್ಟರ್ ಹುಡುಕ್ತಿದ್ದೀನಿ" ಅಂದರೆ ಯಾರಾದರೂ ಪರವಾಗಿಲ್ಲ, ಒಬ್ಬ ಡಾಕ್ಟರ್ ಸಿಕ್ಕರೆ ಸಾಕು. ಅದು 'ಬುಸ್ಕೊ ಉನ್ ಮೆದಿಕೊ'. "ಒಬ್ಬ ಡಾಕ್ಟರನ್ನ ಹುಡುಕ್ತಿದ್ದೀನಿ" ಅಂದರೆ ನನ್ನ ಮನಸ್ಸಿನಲ್ಲಿ ಒಬ್ಬರು ಇದ್ದಾರೆ, ಅವರು ಎಲ್ಲಿ ಹೋದರೋ ಗೊತ್ತಿಲ್ಲ. ಅದು 'ಬುಸ್ಕೊ ಆ ಉನ್ ಮೆದಿಕೊ'. ಈ ಸೂಕ್ಷ್ಮ ಕೂಡ ಹಾಗೇ ಹೊಂದಿಕೊಳ್ಳುತ್ತೆ. ಇದು ಕಂಡ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ. ಸಾಕಿದ ನಾಯಿಗೂ 'ಆ' ಹಾಕ್ತಾರೆ, ಅದು ಮನೆಯವರಲ್ಲಿ ಒಬ್ಬರು ಅಂತ ಲೆಕ್ಕ. 'ತೆನೆರ್', ಅಂದರೆ ಇರುವುದನ್ನು ಹೇಳುವ ಕ್ರಿಯಾಪದದ ಜೊತೆ ಮಾತ್ರ ಸಾಮಾನ್ಯವಾಗಿ ಹಾಕಲ್ಲ: ಇಬ್ಬರು ಅಣ್ಣಂದಿರಿದ್ದಾರೆ ಅನ್ನೋಕೆ 'ತೆಂಗೊ ದೋಸ್ ಎರ್ಮಾನೋಸ್'.

"ನನಗೆ ಇಷ್ಟ" ಅನ್ನೋದೂ ನೇರ. 'ಆ ಮಿ ಮೆ ಗುಸ್ತಾ'. ಇಷ್ಟಪಡುವವರಿಗೆ ಚತುರ್ಥಿ, ಇಷ್ಟವಾದ ವಸ್ತುವೇ ಕರ್ತೃ. ಇಂಗ್ಲಿಷ್‌ನವರಿಗೆ ಇದು ತಲೆಕೆಳಗಾಗಿ ಕಾಣುತ್ತೆ. ನಮಗೆ ಇದರಲ್ಲಿ ಕಲಿಯೋದು ಏನೂ ಇಲ್ಲ.

'ದೆ' ಎರಡು ಕೆಲಸ ಮಾಡುತ್ತೆ, ನಮ್ಮ ಷಷ್ಠಿಯದ್ದು ಮತ್ತು 'ಇಂದ'ದ್ದು. "ಮನೆಯ ಮುಂದೆ" ಅನ್ನೋದನ್ನ ಬಿಡಿಸಿ ನೋಡಿ: ಮನೆ, ಆಮೇಲೆ ಯ, ಆಮೇಲೆ ಮುಂದೆ. ಇದನ್ನೇ ಹಿಂದಿನಿಂದ ಓದಿದರೆ 'ದೆಲಾಂತೆ ದೆ ಲಾ ಕಾಸಾ', ಮುಂದೆ, ಯ, ಮನೆ. 'ದೆಬಾಹೊ ದೆ' (ಕೆಳಗೆ), 'ದೆತ್ರಾಸ್ ದೆ' (ಹಿಂದೆ), 'ಸೆರ್ಕಾ ದೆ' (ಹತ್ತಿರ), ಎಲ್ಲ ಇದೇ ಅಚ್ಚು. ಈ 'ದೆ' ಯಾಕೆ ಬರುತ್ತೆ ಅಂತ ಕೇಳೋರಿಗೆ ನನ್ನ ಉತ್ತರ, "ಮೇಜು ಕೆಳಗೆ" ಅಂತ ಯಾಕೆ ಹೇಳಲ್ಲ, "ಮೇಜಿನ ಕೆಳಗೆ" ಅಂತ ಯಾಕೆ ಹೇಳ್ತೀರಿ, ಅದಕ್ಕೇ.

ಇಲ್ಲಿಯವರೆಗೆ ಸುಖ. ತೊಂದರೆ ಶುರುವಾಗೋದು ನಮ್ಮ 'ಇಂದ'ದಲ್ಲಿ. ಕನ್ನಡದ 'ಇಂದ' ತುಂಬಾ ಕೆಲಸ ಮೈಮೇಲೆ ಹಾಕಿಕೊಂಡಿರುವ ಪ್ರತ್ಯಯ. ಲಿಮಾದಿಂದ ಬಂದವನು, 'ದೆ ಲಿಮಾ'. ಮರದಿಂದ ಮಾಡಿದ್ದು, 'ದೆ ಮಾದೆರಾ'. ಬೆಳಿಗ್ಗೆಯಿಂದ ಕಾಯ್ತಿದ್ದೀನಿ, 'ದೆಸ್ದೆ ಲಾ ಮನ್ಯಾನಾ'. ಚಾಕುವಿನಿಂದ ಕತ್ತರಿಸಿದೆ, 'ಕೊನ್ ಉನ್ ಕುಚಿಯೊ'. ಮಳೆಯಿಂದ ರದ್ದಾಯ್ತು, 'ಪೋರ್ ಲಾ ಯುವಿಯಾ'. ಐದು 'ಇಂದ'ಗಳಿಗೆ ನಾಲ್ಕು ಪ್ರಿಪೊಸಿಷನ್. ಹಾಗಾಗಿ 'ಇಂದ' ಬಾಯಿಗೆ ಬಂದ ಕೂಡಲೇ ಒಂದು ಕ್ಷಣ ನಿಂತು, ಇದು ಜಾಗವೋ, ಕಾಲವೋ, ಸಲಕರಣೆಯೋ, ಕಾರಣವೋ ಅಂತ ಕೇಳಿಕೊಳ್ಳಬೇಕು. ಜಾಗವಾದರೆ 'ದೆ', ಎಲ್ಲಿಂದ ಹೊರಟಿತು ಅಂತ ಒತ್ತಿ ಹೇಳಬೇಕಾದರೆ 'ದೆಸ್ದೆ'. ಸಮಯವಾದರೆ 'ದೆಸ್ದೆ'. ಸಲಕರಣೆಗೆ 'ಕೊನ್'. ಕಾರಣಕ್ಕೆ 'ಪೋರ್'. ಒಂದು ವಾರ ಹೀಗೆ ಕೇಳಿಕೊಂಡರೆ ಸಾಕು, ಆಮೇಲೆ ತಾನಾಗೇ ಬರುತ್ತೆ.

ಅಂದ ಹಾಗೆ, "ಎರಡು ವರ್ಷದಿಂದ ಇಲ್ಲೇ ಇದ್ದೀನಿ" ಅನ್ನೋ ವಾಕ್ಯ. ಇಂಗ್ಲಿಷ್‌ನಲ್ಲಿ ಇದಕ್ಕೆ ಕ್ರಿಯಾಪದವನ್ನು ಎಷ್ಟು ತಿರುಚಬೇಕು ಅಂತ ನಿಮಗೆ ಗೊತ್ತು. ಸ್ಪ್ಯಾನಿಶ್‌ನಲ್ಲಿ 'ವೀವೊ ಆಕಿ ದೆಸ್ದೆ ಆಸೆ ದೋಸ್ ಆನ್ಯೋಸ್'. ವರ್ತಮಾನ ಕಾಲ, 'ಇಂದ', ಎರಡು ವರ್ಷ. ನಮ್ಮ ವಾಕ್ಯವೇ.

ಈಗ 'ಪೋರ್' ಮತ್ತು 'ಪಾರಾ'. ಕಲಿಯುವ ಎಲ್ಲರೂ ಬೈದುಕೊಳ್ಳುವ ಜೋಡಿ ಇದು. ಹತ್ತು ಉಪಯೋಗ ಇದಕ್ಕೆ, ಹನ್ನೆರಡು ಉಪಯೋಗ ಅದಕ್ಕೆ ಅಂತ ಪಟ್ಟಿ ಕೊಡುತ್ತಾರೆ. ನಾನೂ ಉರು ಹೊಡೆದೆ. ಮಾತಾಡುವಾಗ ಒಂದೂ ನೆನಪಿಗೆ ಬರಲಿಲ್ಲ.

ನನಗೆ ದಾರಿ ತೋರಿಸಿದ್ದು ಪದದ ಹುಟ್ಟು. ಹಳೇ ಸ್ಪ್ಯಾನಿಶ್‌ನಲ್ಲಿ 'ಪಾರಾ' ಇರಲಿಲ್ಲ, 'ಪೋರಾ' ಇತ್ತು. ಬಿಡಿಸಿದರೆ 'ಪೋರ್' ಜೊತೆಗೆ 'ಆ'. ಅಂದರೆ 'ಪಾರಾ'ದ ಬಾಲದಲ್ಲಿ ನಮ್ಮ 'ಗೆ' ಕೂತಿದೆ! ಎಲ್ಲಿಗೋ ಹೋಗುವ, ಯಾರಿಗೋ ಸೇರುವ, ಯಾವುದೋ ದಿನಕ್ಕೆ ತಲುಪುವ ಅರ್ಥ ಅದರ ಒಳಗೇ ಇದೆ. ನಿನಗೆ ಇದು, 'ಪಾರಾ ತಿ'. ಸೋಮವಾರಕ್ಕೆ ಬೇಕು, 'ಪಾರಾ ಎಲ್ ಲೂನೆಸ್'. (ಮೇಲೆ ಹೇಳಿದ "ಸೋಮವಾರ ಬರ್ತೀನಿ" ಜೊತೆ ಹೋಲಿಸಿ ನೋಡಿ. ನಾವು 'ಕ್ಕೆ' ಹಾಕಿದ ಕಡೆ ಅವರು 'ಪಾರಾ' ಹಾಕಿದ್ದಾರೆ, ನಾವು ಬಿಟ್ಟ ಕಡೆ ಅವರೂ ಬಿಟ್ಟಿದ್ದಾರೆ.) ಓದೋದಕ್ಕೆ ಬಂದೆ, 'ಪಾರಾ ಎಸ್ತುದಿಯಾರ್'. ಎಲ್ಲ 'ಗೆ', 'ಕ್ಕೆ'. ಬಾಲ ಇಲ್ಲದ 'ಪೋರ್' ಹಿಂದಕ್ಕೆ ನೋಡುತ್ತೆ, ಯಾವುದರಿಂದ ಆಯ್ತು, ಯಾರಿಂದ ಆಯ್ತು ಅಂತ. ಮಳೆಯಿಂದ, ಭಯದಿಂದ, ಅವನಿಂದ ಬರೆಸಿಕೊಂಡ ಪತ್ರ. ಎಲ್ಲ 'ಇಂದ'.

ಇಷ್ಟರಿಂದಲೇ ನನ್ನ ಬಹುಪಾಲು ತಪ್ಪು ನಿಂತಿತು. ಆದರೆ ಪೂರ್ತಿ ಅಲ್ಲ, ಯಾಕಂದ್ರೆ ಕೆಲವು ಕಡೆ ಕನ್ನಡದಲ್ಲಿ 'ಗೆ' ಇದ್ದರೂ ಸ್ಪ್ಯಾನಿಶ್‌ನಲ್ಲಿ 'ಪೋರ್' ಬರುತ್ತೆ. ಹತ್ತು ಯೂರೋಗೆ ಕೊಂಡೆ, 'ಪೋರ್ ದಿಯೆಸ್ ಎಉರೋಸ್'. ಸಹಾಯಕ್ಕೆ ಥ್ಯಾಂಕ್ಸ್, 'ಗ್ರಾಸಿಯಾಸ್ ಪೋರ್ ಲಾ ಆಯೂದಾ'. ಗಂಟೆಗೆ 100 ಕಿಲೋಮೀಟರ್, 'ಪೋರ್ ಓರಾ'. ಸುಮಾರು ದಿನ ಇವನ್ನ ಅಪವಾದ ಅಂತ ಬರೆದಿಟ್ಟುಕೊಂಡಿದ್ದೆ. ಆಮೇಲೆ ಹೊಳೆಯಿತು, ಮೂರರಲ್ಲೂ ಒಂದು ಕೊಟ್ಟು ಇನ್ನೊಂದು ತಗೊಳ್ಳುವ ಲೆಕ್ಕ ಇದೆ. ದುಡ್ಡು ಕೊಟ್ಟು ವಸ್ತು, ಸಹಾಯ ಪಡೆದು ಥ್ಯಾಂಕ್ಸ್, ಒಂದು ಗಂಟೆ ಕೊಟ್ಟರೆ ನೂರು ಕಿಲೋಮೀಟರ್. ಅದಲು ಬದಲು ಇದ್ದರೆ 'ಪೋರ್'. ನನ್ನ ಚಿತ್ರದ ಕತೆಗೂ ಇದೇ ಉತ್ತರ. 'ಪೋರ್ ತಿ' ಅಂದರೆ ನಿನ್ನ ಜಾಗದಲ್ಲಿ ನಾನು, ಅದಲು ಬದಲು. ಇಲ್ಲದಿದ್ದರೆ ನಿನ್ನ ಕಾರಣದಿಂದ, ನಿನ್ನ ಮೇಲಿನ ಪ್ರೀತಿಯಿಂದ. ಚಿತ್ರ ಅವರ ಕೈಗೆ ಸೇರಬೇಕಿತ್ತು, ಹಾಗಾಗಿ 'ಪಾರಾ'. ಇಲ್ಲಿ ನನಗೆ ಕೈಕೊಟ್ಟಿದ್ದು ಇಂಗ್ಲಿಷ್ ಒಂದೇ ಅಲ್ಲ, ಕನ್ನಡದ 'ಗೋಸ್ಕರ'ವೂ ಹೌದು. "ನಿನಗೋಸ್ಕರ ಮಾಡಿದೆ" ಅನ್ನೋದು ಎರಡೂ ಅರ್ಥಕ್ಕೆ ಒಗ್ಗುತ್ತೆ. ಆದ್ದರಿಂದ ಸ್ಪ್ಯಾನಿಶ್ ಮಾತಾಡುವಾಗ 'ಗೋಸ್ಕರ'ವನ್ನು ತಲೆಯಿಂದ ಆಚೆ ಇಡಿ. ಅದನ್ನ 'ಗೆ' ಅಥವಾ 'ಇಂದ' ಮಾಡಿಕೊಂಡು ಆಮೇಲೆ ಮುಂದೆ ಹೋಗಿ.

ನೀರಿಗೆ ಹೋಗ್ತೀನಿ, ಅಂದರೆ ತರೋಕೆ, ಅನ್ನೋದಕ್ಕೆ ಮಾತ್ರ ಯಾವ ಸೂತ್ರವೂ ಇಲ್ಲ. ಲ್ಯಾಟಿನ್ ಅಮೆರಿಕದಲ್ಲಿ 'ವೋಯ್ ಪೋರ್ ಆಗ್ವಾ'. ಸ್ಪೇನ್‌ನಲ್ಲಿ 'ಆ', 'ಪೋರ್' ಎರಡನ್ನೂ ಸೇರಿಸಿ 'ವೋಯ್ ಆ ಪೋರ್ ಆಗ್ವಾ' ಅನ್ನುತ್ತಾರೆ, ಅಟ್ಲಾಂಟಿಕ್ ಸಮುದ್ರದ ಈಚೆ ದಡದಲ್ಲಿ ಅದು ಸಹಜ, ಆಚೆ ದಡದವರ ಕಿವಿಗೆ ವಿಚಿತ್ರ. ಹಾಗೇ 'ಆಸ್ತಾ'. ಅರೇಬಿಕ್‌ನಿಂದ ಬಂದ ಪದ, ಬರೆಯುವಾಗ ಮುಂದೆ ಒಂದು ಎಚ್ ಇದೆ, ಬಾಯಲ್ಲಿ ಇಲ್ಲ. ಅರ್ಥ "ತನಕ". ಆದರೆ ಮೆಕ್ಸಿಕೊದಲ್ಲಿ ಯಾರಾದರೂ ಅಂಗಡಿ 'ಆಬ್ರೆ ಆಸ್ತಾ ಲಾಸ್ ದಿಯೆಸ್' ಅಂದರೆ ಹತ್ತರ ತನಕ ತೆರೆದಿರುತ್ತೆ ಅಂತ ಅಲ್ಲ, ಹತ್ತಾಗುವ ತನಕ ತೆರೆಯಲ್ಲ ಅಂತ! ಸ್ಪೇನ್‌ನವರೂ ಇದಕ್ಕೆ ತಬ್ಬಿಬ್ಬಾಗುತ್ತಾರೆ, ನಮ್ಮದೇನು.

ಇನ್ನು ಕ್ರಿಯಾಪದಕ್ಕೆ ಅಂಟಿಕೊಂಡು ಬರುವ ಪ್ರಿಪೊಸಿಷನ್‌ಗಳು. ಇಲ್ಲಿ ಕನ್ನಡವೂ ಕೈ ಹಿಡಿಯಲ್ಲ, ಇಂಗ್ಲಿಷೂ ಹಿಡಿಯಲ್ಲ, ಲಾಜಿಕ್ ಅಂತೂ ಹತ್ತಿರಕ್ಕೇ ಬರಲ್ಲ. ನಿನ್ನ ಬಗ್ಗೆ ಯೋಚಿಸ್ತೀನಿ ಅನ್ನೋಕೆ 'ಪಿಯೆನ್ಸೊ ಎನ್ ತಿ', ಅಂದರೆ ನಿನ್ನಲ್ಲಿ ಯೋಚಿಸ್ತೀನಿ. ನೀನು ಕನಸಿಗೆ ಬರ್ತೀಯ ಅನ್ನೋಕೆ 'ಸ್ವೆನ್ಯೊ ಕೊಂತಿಗೊ', ನಿನ್ನ ಜೊತೆ ಕನಸು ಕಾಣ್ತೀನಿ. ಹವಾಮಾನದ ಮೇಲೆ ನಿಂತಿದೆ ಅನ್ನುವ ಕಡೆ 'ದೆಪೆಂದೆ ದೆಲ್ ತಿಯೆಂಪೊ'. ಸಿಗರೇಟ್ ಸೇದೋದು ಬಿಟ್ಟೆ ಅನ್ನೋಕೆ 'ದೆಹೆ ದೆ ಫುಮಾರ್', ಈಗಷ್ಟೇ ಊಟ ಆಯ್ತು ಅನ್ನೋಕೆ 'ಆಕಾಬೊ ದೆ ಕೊಮೆರ್'. ಬಸ್ಸಿಗೆ ಕಾಯ್ತಿದ್ದೀನಿ ಅಂತ ನಾವು 'ಗೆ' ಹಾಕಿದರೆ ಅವರು ಏನೂ ಹಾಕಲ್ಲ, 'ಎಸ್ಪೆರೊ ಎಲ್ ಔತೊಬೂಸ್'. ನಾನು ಇವನ್ನ ಒಂದೊಂದು ಪದ ಅಂತಲೇ ಬರೆದುಕೊಳ್ಳುತ್ತೇನೆ. 'ಪೆನ್ಸಾರ್' ಅಂತ ಬರೆಯಲ್ಲ, 'ಪೆನ್ಸಾರ್ ಎನ್' ಅಂತ ಬರೆಯುತ್ತೇನೆ. ಇದಕ್ಕಿಂತ ಸುಲಭದ ದಾರಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸಮಾಧಾನದ ವಿಷಯ ಅಂದರೆ ಹುಟ್ಟಿನಿಂದ ಸ್ಪ್ಯಾನಿಶ್ ಮಾತಾಡುವವರೂ ಇಲ್ಲಿ ಎಡವುತ್ತಾರೆ. ಬೇಡದ ಕಡೆ 'ದೆ' ಸೇರಿಸಿ 'ಪಿಯೆನ್ಸೊ ದೆ ಕೆ' ಅನ್ನುವುದು ಎಷ್ಟು ಸಾಮಾನ್ಯ ಅಂದರೆ ಆ ತಪ್ಪಿಗೇ 'ದೆಕೆಇಸ್ಮೊ' ಅಂತ ಹೆಸರಿಟ್ಟಿದ್ದಾರೆ. ಬೇಕಾದ ಕಡೆ ಬಿಟ್ಟರೆ ಅದಕ್ಕೂ ಒಂದು ಹೆಸರಿದೆ, 'ಕೆಇಸ್ಮೊ'.

ಆ 'ಕೊಂತಿಗೊ' ಬಗ್ಗೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ನನ್ನ ಜೊತೆ ಅನ್ನೋಕೆ 'ಕೊನ್ ಮಿ' ಅನ್ನಲ್ಲ, 'ಕೊನ್ಮಿಗೊ' ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ 'ಕುಮ್' ಅಂದರೆ ಜೊತೆ. ಆದರೆ ನಾನು, ನೀನು ತರದ ಪದಗಳಿಗೆ ಅದನ್ನ ಹಿಂದೆ ಅಂಟಿಸುತ್ತಿದ್ದರು, 'ಮೆಕುಮ್', ನನ್‌ಜೊತೆ, ಥೇಟ್ ನಮ್ಮ ಹಾಗೆ. ಆ 'ಕುಮ್' ಸವೆದು 'ಗೊ' ಆಯ್ತು. ಅದರಲ್ಲಿ "ಜೊತೆ" ಇದೆ ಅನ್ನೋದು ಜನರಿಗೆ ಮರೆತೇ ಹೋಯ್ತು, ಮುಂದೆ ಇನ್ನೊಂದು 'ಕೊನ್' ಸೇರಿಸಿದರು. ಈಗ 'ಕೊನ್ಮಿಗೊ' ಅಂದರೆ ಜೊತೆ-ನನ್ನ-ಜೊತೆ. ನಾವು "ನಡುಮಧ್ಯೆ" ಅನ್ನಲ್ವಾ, ಹಾಗೇ.

ಈ ಎಲ್ಲ ಜ್ಞಾನೋದಯ ಆದ ಮೇಲೆ, ಹೋದ ವಾರ ಟೀಚರ್‌ಗೆ ಒಂದು ಪೂರ್ತಿ ಪುಟ ಬರೆದು ಕಳಿಸಿದೆ. ಒಂದೇ ಒಂದು 'ಪೋರ್' ಕೂಡ ತಪ್ಪಿರಲಿಲ್ಲ, 'ಪಾರಾ'ಗಳೂ ಜಾಗದಲ್ಲೇ ಇದ್ದವು. ವಾಪಸ್ ಬಂದ ಪುಟದಲ್ಲಿ ಒಂದೇ ಕಡೆ ಕೆಂಪು ಗುರುತು ಇತ್ತು. 'ವಿ ಮಿ ಎರ್ಮಾನಾ' ಅಂತ ಬರೆದಿದ್ದೆ. ತಂಗಿ ನೋಡಿದೆ.